ಮಳೆಯಿಲ್ಲದೆ ಏರಿದ ಹೊಳೆ

ನಾನು ಮಲೆನಾಡಿನವನು. ಹೊಳೆ ಏರಿತು ಅಂದರೆ ಮೇಲೆಲ್ಲೋ ಮಳೆ ಹೊಡೆದಿದೆ ಅಂತಲೇ ನಮ್ಮ ಲೆಕ್ಕ. ನಾರ್ವೆಯಲ್ಲಿ ಓದುವಾಗ ಸೊಕ್ನಾ ಹೊಳೆಯ ನೀರಿನ ಮಟ್ಟ ಅಳೆಯುವ ಕೆಲಸ ಸಿಕ್ಕಿತು. ಟ್ರೋಂಡ್‌ಹೈಮ್‌ನಿಂದ ದಕ್ಷಿಣಕ್ಕೆ, ಬಂಡೆಗಳ ಮೇಲೆ ಧುಮುಕುತ್ತಾ ಬಂದು ಸ್ಟೋರೆನ್ ಹತ್ತಿರ ಗೌಲಾ ನದಿ ಸೇರುವ ಹೊಳೆ ಅದು. ಜನವರಿಯ ಒಂದು ರಾತ್ರಿ, ಮೈನಸ್ 15 ಡಿಗ್ರಿ ಚಳಿಯಲ್ಲಿ, ಒಂದು ಹನಿ ಮಳೆಯಿಲ್ಲದೆ ನೀರು ಮೊಳದಷ್ಟು ಏರಿತ್ತು. ಸೆನ್ಸರ್ ಕೆಟ್ಟಿದೆ ಅಂತ ಬೈದುಕೊಂಡೆ.

ಬೆಳಗ್ಗೆ ಹೋದರೆ ಸೆನ್ಸರ್ ಸರಿಯಾಗೇ ಇದೆ. ಹೊಳೆ ಹರಿಯುವ ದಿಕ್ಕಿನಲ್ಲಿ ಅದರಿಂದ ಸ್ವಲ್ಪ ಮುಂದೆ, ಹೊಳೆಗೆ ಅಡ್ಡಲಾಗಿ ಐಸಿನ ಕಟ್ಟೆ!

ಕೆರೆಯಲ್ಲಾದರೆ ಐಸ್ ಹಾಲಿನ ಕೆನೆಯ ಹಾಗೆ ಮೇಲಿನಿಂದ ಕಟ್ಟುತ್ತದೆ. ರಭಸದ ಹೊಳೆಯಲ್ಲಿ ಹಾಗಾಗಲ್ಲ. ನೀರು ಮೇಲೆ ಕೆಳಗೆ ಕಲಕುತ್ತಲೇ ಇರುವುದರಿಂದ ತಳದವರೆಗೂ ಒಟ್ಟಿಗೆ ತಣ್ಣಗಾಗುತ್ತದೆ. ಸೊನ್ನೆಗಿಂತ ಚೂರೇ ಚೂರು ಕೆಳಗಿಳಿದರೂ ಇನ್ನೂ ನೀರಾಗಿಯೇ ಇರುತ್ತದೆ. ನಮ್ಮ ಮೊದಲ ಥರ್ಮಾಮೀಟರ್ ಸುಮ್ನೆ 0.0 ತೋರಿಸುತ್ತಾ ಕೂತಿತ್ತು. ಡಿಗ್ರಿಯ ನೂರನೇ ಭಾಗ ಅಳೆಯುವುದನ್ನು ಇಳಿಸಿದ ಮೇಲೆ ಗುಟ್ಟು ಗೊತ್ತಾಯಿತು: ಮೈನಸ್ 0.03. ಇಷ್ಟು ಸಾಕು. ನೀರಿನ ತುಂಬ ಕೆಲವೇ ಮಿಲಿಮೀಟರ್ ಅಗಲದ ಐಸ್ ಬಿಲ್ಲೆಗಳು ಹುಟ್ಟುತ್ತವೆ. ಆ ಹೊತ್ತಿನಲ್ಲಿ ಅವಕ್ಕೆ ಎಂಥ ಅಂಟು ಅಂದರೆ, ಸಿಕ್ಕ ಕಲ್ಲಿಗೆಲ್ಲ ಕಚ್ಚಿಕೊಳ್ಳುತ್ತವೆ.

ರಬ್ಬರ್ ಗ್ಲೌಸ್ ಹಾಕಿ ತಳದಿಂದ ಒಂದು ಕಲ್ಲು ಎತ್ತಿದೆ. ಬೆಂದ ಸಾಬಕ್ಕಿ ಮೆತ್ತಿದ ಹಾಗಿತ್ತು, ಬೂದುಬಿಳಿ, ಮೆತ್ತಗೆ. ಗಾಳಿ ತಾಗಿದ ಕೆಲವೇ ಕ್ಷಣದಲ್ಲಿ ಗ್ಲೌಸಿಗೇ ಹಿಡಿದು ಗಟ್ಟಿಯಾಯಿತು. ಅಲ್ಲಿಯವರು ಇದನ್ನು ‘ಬುನ್‌ಈಸ್’ ಅನ್ನುತ್ತಾರೆ, ತಳದ ಐಸ್ ಅಂತ. ಸಾಲು ಬಂಡೆಗಳ ಮೇಲೆ ಇದೇ ಬೆಳೆದು ಬೆಳೆದು ಕಟ್ಟೆಯಾಗಿತ್ತು. ನೀರು ಏರದೆ ಇನ್ನೇನು ಮಾಡೀತು?

ಮೋಡವಿಲ್ಲದ ರಾತ್ರಿ ಇದು ಜಾಸ್ತಿ. ಬಿಸಿಲೇರಿದರೆ ಹಿಡಿತ ಸಡಿಲಿ, ಬೆಣಚುಕಲ್ಲನ್ನೂ ಹೊತ್ತುಕೊಂಡು ತೇಲುತ್ತದೆ. ಜಲವಿದ್ಯುತ್ ಘಟಕದವರಿಗೆ ಇದು ತಲೆನೋವು. ನೀರು ಒಳಗೆಳೆಯುವ ಕಡೆಯ ಕಬ್ಬಿಣದ ಜಾಲರಿಯನ್ನು ರಾತ್ರೋರಾತ್ರಿ ಮುಚ್ಚಿಬಿಡುತ್ತದಲ್ವಾ!

ಕಟ್ಟೆಯ ಹಿಂದೆ ನೀರಿನ ಓಟ ನಿಧಾನವಾದಾಗ ಮಾತ್ರ ಮೇಲೂ ಐಸ್ ಹಾಸುತ್ತದೆ. ಆಮೇಲೆ ಕಟ್ಟೆ ಸೋರಿ ನೀರು ಇಳಿಯುತ್ತದೆ, ಹಾಸು ಹಾಗೇ ನೀರಿನ ಮೇಲೆ ಗಾಳಿಯಲ್ಲಿ ನಿಲ್ಲುತ್ತದೆ. ಇದನ್ನು ಕಲಿತದ್ದು ಅಳತೆಯಿಂದಲ್ಲ. ಫೆಬ್ರವರಿಯಲ್ಲಿ ಕ್ಯಾಮೆರಾದ ಬ್ಯಾಟರಿ ಬದಲಿಸಲು ದಾಟುವಾಗ ಕಾಲು ಸೊಂಟದವರೆಗೆ ಒಳಗೆ ಹೋಯಿತು. ಕೆಳಗೆ ಕತ್ತಲು, ಟೊಳ್ಳು. ಪಾದಕ್ಕೆ ನೀರೇ ಸಿಗಲಿಲ್ಲ. ಇನ್ನೂ ಕೆಳಗೆಲ್ಲೋ ಅದು ಹರಿಯುವ ಸದ್ದು ಮಾತ್ರ ಕೇಳುತ್ತಿತ್ತು.