ರೊಟ್ಟಿ ಬಡಿಯೋ ಕೈ ಹಗುರಾಗಲು ಮೂರು ತಿಂಗಳು ಹಿಡಿಯಿತು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾನು ಫಿಸಿಯೋಥೆರಪಿ ಕ್ಲಿನಿಕ್ ಇಟ್ಟು ಒಂಬತ್ತು ವರ್ಷವಾಯಿತು. ಬರುವವರು ಹೆಚ್ಚಾಗಿ ಮೊಣಕಾಲು, ಸೊಂಟ ನೋವಿನವರು. ಆದರೆ ಪರದೆ ಎಳೆದ ಮೇಲೆ ಕೆಲವು ಹೆಣ್ಮಕ್ಕಳು ದನಿ ತಗ್ಗಿಸಿ ಇನ್ನೊಂದು ಮಾತು ಕೇಳುತ್ತಿದ್ದರು. "ಅಕ್ಕಾರ, ತೊಡಿ ಮ್ಯಾಲೆ ಕುಳಿ ಕುಳಿ ಬಿದ್ದಾವ. ಇದಕ್ಕೇನರ ಮಾಡಾಕ ಬರ್ತೈತೇನ್ರಿ?" ಅದಕ್ಕೆ ಸೆಲ್ಯುಲೈಟ್ ಅನ್ನುತ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೂ ಹೆಸರು ಗೊತ್ತಿತ್ತು, ಅಷ್ಟೇ. ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ಓದುವಾಗ ಅದರ ಬಗ್ಗೆ ಯಾರೂ ಅರ್ಧ ತಾಸು ಪಾಠ ಮಾಡಿರಲಿಲ್ಲ.

ಹಾಗಾಗಿ ಒಂದು ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋದೆ. ಸೆಲ್ಯುಲೈಟಿಗೆ ಮಾಡುವ ಮಸಾಜಿನ ನಾಲ್ಕು ದಿನದ ತರಬೇತಿ. ಸರ್ಟಿಫಿಕೇಟ್ ನೋಡಿಯೇ ಒಳಗೆ ಬಿಟ್ಟರು. ಮೊದಲೇ ಥೆರಪಿ ಕಲಿತವರಿಗೆ ಮಾತ್ರ ಅಂತ ನಿಯಮ. ಮೊದಲ ದಿನ ಯಾರ ಮೈಗೂ ಕೈ ಹಚ್ಚಲಿಲ್ಲ. ಬೆಳಗಿನಿಂದ ಸಂಜೆವರೆಗೆ ಚರ್ಮದ ಕೆಳಗೆ ಏನಿದೆ ಅನ್ನೋದೇ ಪಾಠ. ನಾನು ಅದನ್ನು ಇವತ್ತು ನಮ್ಮ ಕಡೆಯವರಿಗೆ ಗಾದಿಯ ಲೆಕ್ಕದಲ್ಲಿ ಹೇಳುತ್ತೇನೆ.

ಗಾದಿ ಹೊಲಿಯುವವರು ಅಲ್ಲಲ್ಲಿ ದಾರ ಹಾಕಿ ಬಿಗಿಯುತ್ತಾರೆ ನೋಡಿ. ದಾರ ಎಳೆದಲ್ಲಿ ಕುಳಿ, ನಡುವೆ ಹತ್ತಿ ಉಬ್ಬು. ನಮ್ಮ ತೊಡೆಯಲ್ಲೂ ಹಾಗೇ. ಚರ್ಮವನ್ನು ಕೆಳಗಿನ ಪದರಕ್ಕೆ ಕಟ್ಟಿಟ್ಟ ನಾರಿನ ಎಳೆಗಳಿವೆ, ಅವುಗಳ ನಡುವೆ ಕೊಬ್ಬು. ಹೆಣ್ಣುಮಕ್ಕಳಲ್ಲಿ ಈ ಎಳೆಗಳು ಹೆಚ್ಚಾಗಿ ನೆಟ್ಟಗೆ ನಿಂತಿರುತ್ತವೆ, ಗಂಡಸರಲ್ಲಿ ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತವೆ ಅಂತ 1978ರಲ್ಲೇ ಜರ್ಮನಿಯ ಇಬ್ಬರು ವೈದ್ಯರು ಬರೆದಿದ್ದರು. ಅದಕ್ಕೇ ಇದು ಹೆಣ್ಣುಮಕ್ಕಳಲ್ಲೇ ಜಾಸ್ತಿ. ದಪ್ಪ ಇದ್ದವರಿಗಷ್ಟೇ ಬರುತ್ತದೆ ಅಂದುಕೊಂಡಿದ್ದೆ. ಹಾಗೇನಿಲ್ಲ, ಸಣಕಲು ಮೈಯವರಿಗೂ ಬರುತ್ತದೆ. ವಯಸ್ಸಿಗೆ ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಅಷ್ಟೋ ಇಷ್ಟೋ ಇದ್ದೇ ಇರುತ್ತದೆ. ಅಂದರೆ ರೋಗವೇ ಅಲ್ಲ.

ಹಾಗಾದರೆ ಮಸಾಜ್ ಏನು ಮಾಡುತ್ತದೆ? ದಾರ ಕತ್ತರಿಸುವುದಿಲ್ಲ, ಹತ್ತಿ ಕರಗಿಸುವುದಿಲ್ಲ. ಅಲ್ಲಿ ನಿಂತ ನೀರನ್ನು ದುಗ್ಧನಾಳಗಳ, ಅಂದರೆ ಅಂಥ ನೀರು (ದುಗ್ಧರಸ) ಹರಿಯುವ ಸಣ್ಣ ಕೊಳವೆಗಳ, ದಾರಿ ಹಿಡಿಸಿ ತೊಡೆಸಂದಿಯ ಗಂಟುಗಳ ಕಡೆಗೆ ಕಳಿಸುತ್ತದೆ. ಬಾವು ಇಳಿದಾಗ ಕುಳಿ ಸ್ವಲ್ಪ ದಿನ ಮಾಸಿದಂತೆ ಕಾಣುತ್ತದೆ, ಆಮೇಲೆ ಮತ್ತೆ ಅಷ್ಟೇ. ಕಲಿಸುವವರು ಇದನ್ನು ಮೊದಲ ದಿನವೇ ಬಿಡಿಸಿ ಹೇಳಿದರು. ಪಕ್ಕದಲ್ಲಿ ಕೂತಿದ್ದಾಕೆ "ಹಂಗಾರ ಇಷ್ಟು ರೊಕ್ಕ ಯಾಕ ಕಟ್ಟಿದ್ವಿ?" ಅಂದಳು. ಆಕೆ ಗದಗಿನವಳು ಅಂತ ಆಗ ಗೊತ್ತಾಯಿತು!

ಎರಡನೇ ದಿನ ಕೈಕೆಲಸ. ನನ್ನ ಸೊಕ್ಕು ಮುರಿದದ್ದು ಅವತ್ತೇ. ದುಗ್ಧರಸ ಹರಿಸುವ ಮಸಾಜನ್ನು ಡೆನ್ಮಾರ್ಕಿನ ಎಮಿಲ್ ವೋಡರ್ ದಂಪತಿ 1930ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಬೆಳೆಸಿದ್ದು. ಅದರಲ್ಲಿ ಒತ್ತುವುದೇ ಇಲ್ಲ, ಚರ್ಮವನ್ನು ಮೆಲ್ಲಗೆ ಸರಿಸಿ ಬಿಡಬೇಕು. ನಾನೋ ಚಿಕ್ಕವಳಿದ್ದಾಗಿನಿಂದ ಜೋಳದ ರೊಟ್ಟಿ ಬಡಿದವಳು. ನೋವಿನ ಸ್ನಾಯು ಒತ್ತಿ ಒತ್ತಿ ಕೈ ಇನ್ನೂ ಬಲಿತಿತ್ತು. ನನ್ನ ಕೈ ಕೆಳಗೆ ಮಲಗಿದ್ದಾಕೆ ಎರಡೇ ನಿಮಿಷಕ್ಕೆ "ಅವ್ವಾ" ಅಂದಳು.

ಊರಿಗೆ ಬಂದು ಅಡುಗೆಮನೆಯ ತೂಕದ ಯಂತ್ರ ತಗೊಂಡೆ. ಅದರ ಮೇಲೆ ಮಡಚಿದ ಟವೆಲ್ ಇಟ್ಟು, ಕಣ್ಣು ಮುಚ್ಚಿ ಅಂಗೈ ಇಡುತ್ತಿದ್ದೆ. ಹಗುರ ಅಂದುಕೊಂಡು ಇಟ್ಟಾಗ ಒಂದೂವರೆ ಕಿಲೋ ತೋರಿಸುತ್ತಿತ್ತು. ದಿನಾ ರಾತ್ರಿ ಹತ್ತು ನಿಮಿಷ ಇದೇ ಆಟ. "ಏನು ತೂಗಾಕತ್ತೀಯವಾ?" ಅಂತ ಅತ್ತೆ ಕೇಳಿದರು. ನೂರು ಗ್ರಾಂ ಆಸುಪಾಸಿಗೆ ಕೈ ತಾನಾಗಿ ನಿಲ್ಲಲು ಮೂರು ತಿಂಗಳು ಬೇಕಾಯಿತು.

ಎಲ್ಲವೂ ಹಗುರ ಅಂತಲ್ಲ. ಮೊದಲು ತೊಡೆಸಂದಿಯ ಹತ್ತಿರ ಹಗುರ ಕೈಯಿಂದ ದಾರಿ ಬಿಡಿಸಿಕೊಳ್ಳಬೇಕು. ಮುಂದಿನ ಬಾಗಿಲು ತೆಗೆಯದೆ ಹಿಂದಿನಿಂದ ನೂಕಿದರೆ ಏನಾಗುತ್ತೆ? ಆಮೇಲೆ ಮೇಲ್ತೊಡೆ, ಆಮೇಲೆ ಮೊಣಕಾಲ ಕಡೆ. ಅದಾದ ಮೇಲೆ ಚರ್ಮ ಉರುಳಿಸುವುದು. ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಚರ್ಮದ ಮಡಿಕೆ ಎತ್ತಿ, ಅಲೆಯ ಹಾಗೆ ಮುಂದಕ್ಕೆ ನಡೆಸುವುದು. ಇಲ್ಲಿ ಎಣ್ಣೆ ಹಾಕಿದರೆ ಕೆಲಸ ಕೆಟ್ಟಿತು, ಮಡಿಕೆ ಜಾರಿಹೋಗುತ್ತದೆ. ಅದಕ್ಕೇ ನಾನು ಇದನ್ನು ಒಣಗೈಯಲ್ಲಿ ಮಾಡಿ, ಕೊನೆಗೆ ನೀವುವಾಗಷ್ಟೇ ನಾಲ್ಕು ಹನಿ ಎಣ್ಣೆ ಬಳಸುತ್ತೇನೆ. ಮಂಚ ಎತ್ತರ ಇದ್ದರೆ ಸಂಜೆಗೆ ನಮ್ಮ ಹೆಬ್ಬೆರಳೇ ಊದುತ್ತದೆ. ಬಡಿಗೇರರನ್ನು ಕರೆಸಿ ಮಂಚದ ಕಾಲನ್ನು ಎರಡು ಇಂಚು ಕೊಯ್ಸಿದೆ.

ಈಗ ನನ್ನ ತಪ್ಪಿನ ಮಾತು. ಬಂದವರ ಆರೋಗ್ಯದ ಬಗ್ಗೆ ಕೇಳಲು ತರಬೇತಿಯಲ್ಲಿ ಕೊಟ್ಟ ಇಂಗ್ಲಿಷ್ ಫಾರ್ಮನ್ನು ಹಾಗೇ ಝೆರಾಕ್ಸ್ ಮಾಡಿಸಿ ಕೊಡುತ್ತಿದ್ದೆ. ಐವತ್ತು ದಾಟಿದ ಒಬ್ಬರು ಎಲ್ಲದಕ್ಕೂ 'ಇಲ್ಲ' ಅಂತ ಗುರುತು ಹಾಕಿದರು. ನಾನೂ ಕಣ್ಣಾಡಿಸಿ ಸುಮ್ನೆ ಇಟ್ಟೆ. ಮರುದಿನ ಬೆಳಗ್ಗೆ ಫೋಟೋ ಬಂತು. ತೊಡೆ ತುಂಬ ಬದನೆಕಾಯಿ ಬಣ್ಣದ ಕಲೆಗಳು. ಕೇಳಿದರೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ, ರಕ್ತ ತೆಳ್ಳಗಾಗುವ ಗುಳಿಗೆ ನುಂಗುತ್ತಾರೆ. ಫಾರ್ಮಿನ ಆ ಶಬ್ದ ಅವರಿಗೆ ತಿಳಿದಿರಲಿಲ್ಲ. ಅವರ ವೈದ್ಯರಿಗೆ ತೋರಿಸಲು ಜೊತೆಗೇ ಹೋದೆ. ಅವರು ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಈಗ ಫಾರ್ಮು ಕನ್ನಡದಲ್ಲಿದೆ, ನಾನೇ ಒಂದೊಂದಾಗಿ ಕೇಳುತ್ತೇನೆ. ರಕ್ತ ತೆಳ್ಳಗಾಗುವ ಗುಳಿಗೆ ಇದೆಯಾ? ಕಾಲಲ್ಲಿ ಯಾವತ್ತಾದರೂ ರಕ್ತ ಹೆಪ್ಪುಗಟ್ಟಿತ್ತಾ? ನರ ಉಬ್ಬಿವೆಯಾ? ಬಸಿರಾ? ಕ್ಯಾನ್ಸರ್ ಚಿಕಿತ್ಸೆ ನಡೀತಿದೆಯಾ? ಒಂದಕ್ಕೆ ಹೌದು ಅಂದರೂ ಡಾಕ್ಟರ ಮಾತು ಕೇಳದೆ ಕೈ ಹಚ್ಚುವುದಿಲ್ಲ.

ಇನ್ನೊಂದು ಗೊಂದಲ ಹೆಸರಿನದು. ಒಬ್ಬರು ಚೀಟಿ ಹಿಡಿದುಕೊಂಡು ಬಂದು "ಇದಕ್ಕ ಮಸಾಜ್ ಮಾಡ್ತೀರಂತ" ಅಂದರು. ಚೀಟಿಯಲ್ಲಿದ್ದದ್ದು ಸೆಲ್ಯುಲೈಟಿಸ್. ಕಾಲು ಕೆಂಪಗಿತ್ತು, ಮುಟ್ಟಿದರೆ ಸುಡುತ್ತಿತ್ತು. ಅದು ಚರ್ಮದ ಒಳಗಿನ ಸೋಂಕು, ಆಂಟಿಬಯೋಟಿಕ್ ಬೇಕು, ತಿಕ್ಕುವ ಕೆಲಸವೇ ಅಲ್ಲ. ಅವತ್ತೇ ವಾಪಸ್ ವೈದ್ಯರ ಹತ್ತಿರ ಕಳಿಸಿದೆ. ಕೊನೆಯ ಒಂದಕ್ಷರದಲ್ಲಿ ಎಷ್ಟು ಅಂತರ!

'ಮೊದಲು–ಆಮೇಲೆ' ಫೋಟೋಗಳನ್ನು ನಂಬಬೇಡಿ ಅಂತ ನಾನೇ ಹೇಳುತ್ತೇನೆ. ಪಕ್ಕದಿಂದ ಬೆಳಕು ಬಿದ್ದರೆ ಕುಳಿ ಎದ್ದು ಕಾಣುತ್ತದೆ, ಎದುರಿನಿಂದ ಬಿದ್ದರೆ ಮಾಯ. ನಾನು ತೆಗೆಯುವುದಾದರೆ ಅದೇ ಕಿಟಕಿ, ಅದೇ ಹೊತ್ತು, ಅದೇ ಗುರುತಿನ ಮೇಲೆ ನಿಲ್ಲಿಸಿ, ಅದೂ ಅವರು ಒಪ್ಪಿದರೆ ಮಾತ್ರ. ಟೇಪಿನಲ್ಲಿ ತೊಡೆಯ ಸುತ್ತಳತೆ ಅರ್ಧ ಸೆಂಟಿಮೀಟರ್ ಇಳಿದರೆ ಲೆಕ್ಕಕ್ಕೆ ಹಿಡಿಯಲ್ಲ. ಅಷ್ಟು ನನ್ನ ಕೈಯಲ್ಲೇ ಹೆಚ್ಚುಕಡಿಮೆ ಆಗುತ್ತದೆ.

ಇಷ್ಟೆಲ್ಲ ಮೊದಲೇ ಹೇಳಿದರೆ ಅರ್ಧ ಜನ ಎದ್ದು ಹೋಗುತ್ತಾರೆ. ಹೋಗಲಿ. ಕೇಶ್ವಾಪುರದಿಂದ ಬರುವ ಒಬ್ಬರು ದಿನವಿಡೀ ಅಂಗಡಿಯಲ್ಲಿ ನಿಂತು ಕೆಲಸ ಮಾಡುವವರು. ಹತ್ತು ಸಲ ಮುಗಿದಾಗ ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿಕೊಂಡರು. "ಕುಳಿ ಅಲ್ಲೇ ಅದಾವ್ರಿ ಅಕ್ಕಾರ. ಆದ್ರ ಕಾಲು ಹಗುರ ಅನಸ್ತಾವ. ಮಂಗಳವಾರ ಎಷ್ಟಕ್ಕ ಬರ್ಲಿ?" ಅಂದರು. ನಾಲ್ಕೂವರೆಗೆ ಬರೆದುಕೊಂಡೆ.