ಬಂಗಾರದ ತಕ್ಕಡಿಯಲ್ಲಿ ಎಲೆಕ್ಟ್ರಾನ್ ಎಣಿಸಿದ್ದು

ಪೊಟ್ಯಾಸಿಯಂ ಫೆರಿಸಯನೈಡ್: ಮೈನಸ್ 70ರ ಆಸುಪಾಸು. ಫೆರೋಸಯನೈಡ್: ಪ್ಲಸ್ 4. ಎರಡೂ ಮಿಲಿಗ್ರಾಂನಲ್ಲಿ, ಪುಡಿಯನ್ನು ಮ್ಯಾಗ್ನೆಟ್ಟಿನ ಹತ್ತಿರ ತಂದಾಗ ತಕ್ಕಡಿಯ ಅಂಕಿ ಎಷ್ಟು ಬದಲಾಯಿತು ಅನ್ನೋ ಲೆಕ್ಕ. ಈ ಎರಡು ಅಂಕಿ ನೋಡೋಕೆ ನನಗೆ ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು.

ನಾನು ಮಲೆನಾಡಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಒಂದು, ಎರಡು, ಮೂರು ಒಂಟಿ (ಜೋಡಿ ಇಲ್ಲದ) ಎಲೆಕ್ಟ್ರಾನ್ ಇದ್ದರೆ ಮ್ಯಾಗ್ನೆಟಿಕ್ ಮೊಮೆಂಟ್ ಎಷ್ಟು ಅಂದರೆ ನಮ್ಮ ಮಕ್ಕಳು 1.73, 2.83, 3.87 ಅಂತ ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಒಬ್ಬರೂ ಅಳೆದು ನೋಡಿದ್ದಿಲ್ಲ. ವಸ್ತುವನ್ನು ಮ್ಯಾಗ್ನೆಟ್ ಎಷ್ಟು ಎಳೆಯುತ್ತದೆ ಅಂತ ತೂಗುವ ಗೂಯ್ ಬ್ಯಾಲೆನ್ಸನ್ನು ನಾನೂ ಪುಸ್ತಕದ ಚಿತ್ರದಲ್ಲಿ ಕಂಡವನೇ. ಒಂದು ತರಿಸೋಣ ಅಂತ ಕೊಟೇಶನ್ ಕೇಳಿದೆ. ಎಲೆಕ್ಟ್ರೋಮ್ಯಾಗ್ನೆಟ್, ಪವರ್ ಸಪ್ಲೈ ಎಲ್ಲ ಸೇರಿ ಒಂದೂವರೆ ಲಕ್ಷ ದಾಟಿತು. ಕಾಗದ ಮಡಚಿಟ್ಟೆ. ನಾನೇ ಮಾಡ್ತೀನಿ ಅಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. "ಆ ಆಟಿಕೆಯಲ್ಲಿ ಡಯಾಮ್ಯಾಗ್ನೆಟಿಸಂ ಕಾಣ್ಸಿದ್ರೆ ನಾನು ಮೀಸೆ ಬೋಳಿಸ್ತೀನಿ ಸಾರ್" ಅಂದರು ಫಿಸಿಕ್ಸಿನ ಹಿರಿಯರೊಬ್ಬರು. ಡಯಾಮ್ಯಾಗ್ನೆಟಿಸಂ ಅಂದರೆ ಒಂಟಿ ಎಲೆಕ್ಟ್ರಾನ್ ಇಲ್ಲದ ವಸ್ತುವನ್ನು ಮ್ಯಾಗ್ನೆಟ್ ತುಸುವೇ ದೂರ ತಳ್ಳೋದು; ಒಂಟಿ ಎಲೆಕ್ಟ್ರಾನ್ ಇದ್ದು ಹತ್ತಿರಕ್ಕೆ ಎಳೆದರೆ ಅದು ಪ್ಯಾರಾ. 1928ರಲ್ಲಿ ಲಾಹೋರಿನಲ್ಲಿ ವಿಜ್ಞಾನಿಗಳಾದ ಭಟ್ನಾಗರ್ ಮತ್ತು ಮಾಥುರ್ ಇದೇ ಗುಣ ಅಳೆಯುವ ತಮ್ಮದೇ ಇಂಟರ್‌ಫೆರೆನ್ಸ್ ಬ್ಯಾಲೆನ್ಸ್ ಕಟ್ಟಿದ್ದರು, ಆಮೇಲೆ ಅದನ್ನು ಲಂಡನ್ನಿನ ಕಂಪನಿಯೇ ತಯಾರಿಸಿ ಮಾರಿತು ಅಂತ ನೆನಪಿಸಿದೆ. "ಅವರು ಭಟ್ನಾಗರ್" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಾಮಾನು ಇಷ್ಟೇ. ಬಂಗಾರ ತೂಗುವ ಪಾಕೆಟ್ ತಕ್ಕಡಿ, 1 ಮಿಲಿಗ್ರಾಂ ತೋರಿಸುವಂಥದ್ದು. 20 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಎರಡು ನಿಯೋಡಿಮಿಯಂ ಮ್ಯಾಗ್ನೆಟ್, ಒಂದರ ಮೇಲೊಂದು. ಹೋಮಿಯೋಪತಿ ಗುಳಿಗೆಯ ಗಾಜಿನ ಬಾಟಲಿ. ಮ್ಯಾಗ್ನೆಟ್ ತಕ್ಕಡಿಯ ಮೇಲೆ, ಬಾಟಲಿ ಅದರ ಮೇಲೆ ಮುಟ್ಟದ ಹಾಗೆ ನಿಂತಿರಬೇಕು. ಇವಾನ್ಸ್ ಬ್ಯಾಲೆನ್ಸ್ ಅನ್ನೋ ಉಪಕರಣದ ಉಪಾಯವೇ: ಸ್ಯಾಂಪಲ್ ತೂಗಬೇಡ, ಮ್ಯಾಗ್ನೆಟ್ ತೂಗು.

ಮೊದಲ ತಕ್ಕಡಿ 20 ಗ್ರಾಂನದ್ದು. ಜೋಡಿ ಮ್ಯಾಗ್ನೆಟ್ಟೇ 23 ಗ್ರಾಂ ಮೇಲಿತ್ತು. ಇಟ್ಟ ಕೂಡಲೇ ಎರರ್. ಒಂಬೈನೂರು ರೂಪಾಯಿ ನೀರಿಗೆ. ಎರಡನೆಯದು 50 ಗ್ರಾಂನದ್ದು, ಸಾವಿರದ ಏಳುನೂರೋ ಎಂಟುನೂರೋ ಇರಬೇಕು. ಅದರಲ್ಲಿ ಸೊನ್ನೆ ನಿಲ್ಲಲೇ ಇಲ್ಲ. ಒಳಗಿನ ಸ್ಕ್ರೂಗಳನ್ನೇ ಮ್ಯಾಗ್ನೆಟ್ ಎಳೆಯುತ್ತಿದೆ ಅಂತ ಹೊಳೆಯೋಕೆ ಒಂದು ವಾರ ಬೇಕಾಯಿತು. ಪ್ಲಾಸ್ಟಿಕ್ ಲೋಟ ಬೋರಲು ಹಾಕಿ, ಅದರ ಮೇಲೆ ಮ್ಯಾಗ್ನೆಟ್ ಕೂರಿಸಿದೆ. ಹತ್ತು ಹನ್ನೆರಡು ಸೆಂಟಿಮೀಟರ್ ಎತ್ತರ ಸಾಕು. ಆಮೇಲೆ ಕಬ್ಬಿಣದ ರಿಟಾರ್ಟ್ ಸ್ಟ್ಯಾಂಡಿನ ಕಾಟ. ಅದನ್ನು ಒಂದು ಬೆರಳು ಆಚೀಚೆ ಮಾಡಿದರೂ ಅಂಕಿ ಓಡುತ್ತಿತ್ತು. ಅಟೆಂಡರ್ ಹಳೇ ಪಿಪೆಟ್ ಸ್ಟ್ಯಾಂಡ್ ಕಿತ್ತು, ಪೂರ್ತಿ ಮರದ್ದೊಂದು ಮಾಡಿಕೊಟ್ಟರು. ಫ್ಯಾನ್ ಆಫ್. ಜೇಬಿನ ಬೀಗದ ಕೈ ಆಚೆ. ಒಂದು ದಿನ ಸ್ಟೀಲ್ ಸ್ಪ್ಯಾಚುಲಾ ಕೈಯಿಂದ ಹಾರಿ ಹೋಗಿ ಬಡಿಯಿತು, ಮ್ಯಾಗ್ನೆಟ್ಟಿನ ಮೂಲೆ ಚಕ್ಕೆ ಎದ್ದಿತು. ಇನ್ನೊಂದು ಮುನ್ನೂರು.

ಮಾನ ಹೋದದ್ದು ಮಾತ್ರ ಕ್ಲಾಸಿನಲ್ಲಿ. ಅಂಕಿ ಮೈನಸ್ ಬಂತು, "ನೋಡಿ, ಡಯಾಮ್ಯಾಗ್ನೆಟಿಕ್" ಅಂತ ಜೋರಾಗಿ ಹೇಳಿಬಿಟ್ಟೆ. ಇಟ್ಟಿದ್ದು ಮೈಲುತುತ್ತ, ಒಂಟಿ ಎಲೆಕ್ಟ್ರಾನ್ ಇರುವ ತಾಮ್ರದ ಸಲ್ಫೇಟ್! ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಕೇಳಿದಳು, "ಸಾರ್, ಮ್ಯಾಗ್ನೆಟ್ ಮೇಲಕ್ಕೆ ಎಳೆದ್ರೆ ತೂಕ ಕಮ್ಮಿ ಆಗ್ಬೇಕಲ್ವಾ?" ಹೌದು, ನಮ್ಮ ತಕ್ಕಡಿಯಲ್ಲಿ ಪ್ಯಾರಾ ಅಂದರೆ ಮೈನಸ್. ಈಗ ಅದನ್ನು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದೇನೆ.

ಕ್ಯಾಲಿಬ್ರೇಷನ್ನಿಗೆ ಎಲ್ಲರೂ ಹೇಳುವ ಮರ್ಕ್ಯುರಿ ಕೋಬಾಲ್ಟ್ ಥಯೋಸಯನೇಟ್ ನಾನು ಮುಟ್ಟಲಿಲ್ಲ. ಪಾದರಸದ ಕಸ ಎಲ್ಲಿ ಎಸೆಯೋದು? ಮೋರ್ಸ್ ಸಾಲ್ಟ್ (ಕಬ್ಬಿಣ, ಅಮೋನಿಯಂ ಸೇರಿದ ಸಲ್ಫೇಟ್) ಸಾಕು. 300 ಕೆಲ್ವಿನ್‌ನಲ್ಲಿ ಅದರ ಸಸೆಪ್ಟಿಬಿಲಿಟಿ, ಅಂದರೆ ಮ್ಯಾಗ್ನೆಟ್ಟಿಗೆ ಎಷ್ಟು ಸ್ಪಂದಿಸುತ್ತದೆ ಅನ್ನೋ ಅಳತೆ, ಗ್ರಾಂಗೆ 31.6 ಗುಣಿಲೆ ಹತ್ತರ ಮೈನಸ್ ಆರು. ನನ್ನಲ್ಲಿ ಅದು 330 ಮಿಲಿಗ್ರಾಂ ಎತ್ತಿತು, ಮೈಲುತುತ್ತ 60. ಲೆಕ್ಕ ಹಾಕಿದರೆ ತಾಮ್ರಕ್ಕೆ 1.9 ಬಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳಲ್ಲ. ನಿಕಲ್ ಹೆಕ್ಸಾಅಮೀನ್ 3.1. ಮ್ಯಾಂಗನೀಸ್ ಸಲ್ಫೇಟ್ ಮಾತ್ರ ಬೇಕಾದ್ದಕ್ಕಿಂತ ಕಮ್ಮಿ, 5.6ರಲ್ಲೇ ಕೂತಿತ್ತು. ನಮ್ಮ ಮಳೆಗಾಲದಲ್ಲಿ ಅದು ಎಷ್ಟು ನೀರು ಕುಡಿದಿತ್ತೋ! ಓವನ್ನಿನಲ್ಲಿಟ್ಟು ತೆಗೆದ ಮೇಲೆ 5.8ಕ್ಕೆ ಬಂತು.

ಫೆರಿಸಯನೈಡ್ 2.3 ಕೊಟ್ಟಾಗ ಹುಡುಗರು ತಪ್ಪು ಅಂದರು, ಅವರಿಗೆ 1.73 ಬೇಕು. ತಪ್ಪಲ್ಲ. ಲೋ ಸ್ಪಿನ್ ಡಿ-5, ಅಂದರೆ ಕಬ್ಬಿಣದ ಐದು ಡಿ ಎಲೆಕ್ಟ್ರಾನ್ ಆದಷ್ಟೂ ಜೋಡಿಯಾಗಿ ಕೆಳಗಿನ ಮೂರು ಆರ್ಬಿಟಲ್ಲುಗಳಲ್ಲೇ ಕೂತಿವೆ; ಎಲೆಕ್ಟ್ರಾನಿನ ಸುತ್ತಾಟದಿಂದ ಬರುವ ಆರ್ಬಿಟಲ್ ಪಾಲು ಸತ್ತಿಲ್ಲ, ಅದೂ ಮೊಮೆಂಟಿಗೆ ಸೇರುತ್ತದೆ. ನಮ್ಮ ಗೈಡುಗಳಲ್ಲಿ ಈ ಮಾತೇ ಇಲ್ಲ.

ಜಾಸ್ತಿ ಸತಾಯಿಸಿದ್ದು ಡಯಾಮ್ಯಾಗ್ನೆಟಿಕ್ ಕಡೆಯೇ. ಖಾಲಿ ಬಾಟಲಿಗಳಲ್ಲೇ ಒಂದು ಪ್ಲಸ್, ಒಂದು ಮೈನಸ್. ಹಸಿರು ಛಾಯೆಯ ಗಾಜಿನಲ್ಲಿ ಕಬ್ಬಿಣ ಇರುತ್ತದೆ. ಹಾಗಾಗಿ ಒಂದೇ ಬಾಟಲಿ, ಒಂದೇ ಗೆರೆಯವರೆಗೆ ಪುಡಿ, ಬಾಟಲಿಯ ಮುಖವೂ ಒಂದೇ ದಿಕ್ಕಿಗೆ. ಪುಡಿ ಕುಟ್ಟಿ ಕೂರಿಸೋದಕ್ಕೆ ನನ್ನದೇ ಒಂದು ವಿಧಾನ ಇದೆ, ಅದನ್ನು ಇಲ್ಲಿ ಹೇಳಲ್ಲ. ನೀವೂ ನಾಲ್ಕು ದಿನ ಒದ್ದಾಡಿ. ನಿಕಲ್ ಡಿಎಂಜಿ (ಡೈಮೀಥೈಲ್ ಗ್ಲಯಾಕ್ಸಿಮ್ ಜೊತೆಗಿನ ನಿಕಲ್) ಅಂತೂ ಹತ್ತಿಯ ಹಾಗೆ, ಎಷ್ಟು ಒತ್ತಿದರೂ ಅರ್ಧ ಗಾಳಿ. ಪ್ಲಸ್ 1 ಬಂತು, ಅಷ್ಟಕ್ಕೇ ಕೈ ಮುಗಿದೆ.

ಹೆಕ್ಸಾಅಮೀನ್ ಕೋಬಾಲ್ಟ್ ಕ್ಲೋರೈಡ್ ಮಾಡಿದಾಗ ಬಣ್ಣ ಚೆಂದದ ಕಿತ್ತಳೆ. ತಕ್ಕಡಿ ಮೈನಸ್ 9 ಅಂದಿತು. ಕೋಬಾಲ್ಟ್(III), ಅಂದರೆ ಮೂರು ಎಲೆಕ್ಟ್ರಾನ್ ಕಳೆದುಕೊಂಡ ಕೋಬಾಲ್ಟ್, ಅದರ ಆರು ಡಿ ಎಲೆಕ್ಟ್ರಾನೂ ಇಲ್ಲಿ ಜೋಡಿ; ಒಂಟಿ ಎಲೆಕ್ಟ್ರಾನ್ ಎಲ್ಲಿಂದ? ಆಕ್ಸಿಡೇಷನ್ ಪೂರ್ತಿ ಆಗಿರಲಿಲ್ಲ, ಕೋಬಾಲ್ಟ್(II) ಒಂಚೂರು ಉಳಿದಿತ್ತು. ಶೇಕಡಾ ಎರಡೋ ಮೂರೋ ಸಾಕು, ಅದರ ಎಳೆತ ಅಷ್ಟು ಜೋರು. ಬಿಸಿನೀರಿನಲ್ಲಿ ಕರಗಿಸಿ, ಎಚ್‌ಸಿಎಲ್ ಹಾಕಿ ಎರಡು ಸಲ ಹರಳು ಕಟ್ಟಿಸಿದ ಮೇಲೆ ಪ್ಲಸ್ 2. ಬಣ್ಣದಲ್ಲಿ ಎಳ್ಳಷ್ಟೂ ವ್ಯತ್ಯಾಸ ಇಲ್ಲ! ಈಗ ಮಕ್ಕಳ ಪ್ರಿಪರೇಷನ್ನಿಗೆ ಮಾರ್ಕ್ಸ್ ಕೊಡೋ ಮೊದಲು ತಕ್ಕಡಿಗೆ ಹಾಕುತ್ತೇನೆ. ಅವರ ಬೈಗುಳ ಕಿವಿಗೆ ಬಿದ್ದಿದೆ.

ಇದೇ ಗುಂಗಿನಲ್ಲಿ ಮನೆಯ ಮೈಲುತುತ್ತವನ್ನೂ ಅಳೆದೆ. ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯೋಕೆ ತಂದ ಚೀಲದ್ದು. ಲ್ಯಾಬಿನದ್ದು 60 ಅಂದರೆ ಇದು 68 ತೋರಿಸಿತು. ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಬೆರೆತಿದೆ ಅಂತ ನನ್ನ ಗುಮಾನಿ. ಕರಗಿಸಿ, ಚೂರು ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟು, ಜಾಸ್ತಿ ಅಮೋನಿಯಾ ಹಾಕಿದರೆ ಕಡುನೀಲಿಯ ತಳದಲ್ಲಿ ಕಂದು ಗಸಿ ನಿಂತಿತು, ಕಬ್ಬಿಣದ ಗುರುತು. ಅಪ್ಪನಿಗೆ ಹೇಳಿದೆ. "ಕೊಳೆ ರೋಗ ನಿಲ್ತದಲ್ಲ, ಸಾಕು ಬಿಡು ಮಾರಾಯ" ಅಂದರು.

ಪರ್ಮಾಂಗನೇಟೂ ಇಟ್ಟು ನೋಡಿ. ಡಿ-ಸೊನ್ನೆ, ಅಂದರೆ ಡಿ ಎಲೆಕ್ಟ್ರಾನೇ ಇಲ್ಲ, ಆದರೂ ಬಾಟಲಿ ಕಳೆದ ಮೇಲೆ ಮೈನಸ್ 1 ಬರುತ್ತದೆ. ಕೈ ತಪ್ಪೇನಲ್ಲ, ಅದು ನಿಜವಾಗಿಯೂ ಒಂಚೂರು ಪ್ಯಾರಾ. ಕೋಬಾಲ್ಟ್ ಕ್ಲೋರೈಡನ್ನು ಕಾಯಿಸಿ ಗುಲಾಬಿಯಿಂದ ನೀಲಿ ಮಾಡಿದೆ. ಕಣ್ಣಿಗೆ ದೊಡ್ಡ ಬದಲಾವಣೆ, ಒಂಟಿ ಎಲೆಕ್ಟ್ರಾನ್ ಆಗಲೂ ಮೂರು, ಈಗಲೂ ಮೂರು.

ಖರ್ಚು ಹಾಳಾದದ್ದೂ ಸೇರಿ ನಾಲ್ಕು ಸಾವಿರದೊಳಗೆ. ಫಿಸಿಕ್ಸಿನವರು ಹೋದ ತಿಂಗಳು ಬಂದು, ಫೆರೋಸಯನೈಡ್ ಬಾಟಲಿಯನ್ನು ತಾವೇ ಹತ್ತು ಸಲ ಇಟ್ಟು ತೆಗೆದರು. ಎಂಟು ಸಲ ಪ್ಲಸ್ 4, ಎರಡು ಸಲ ಪ್ಲಸ್ 3. ಮೀಸೆ ಇನ್ನೂ ಹಾಗೇ ಇದೆ.