ಮೊದಲು ತೇಲಿಸಿದೆ, ಆಮೇಲೆ ಮೋಟಾರ್: ಆರ್‌ಸಿ (ರೇಡಿಯೋ ಕಂಟ್ರೋಲ್) ವಿಮಾನದ ನನ್ನ ಅನುಭವ

ಪ್ರೊಪೆಲ್ಲರ್ ಬಿಚ್ಚಿಟ್ಟು, ಉಳಿದ ಸಾಮಾನೆಲ್ಲ ಹೊತ್ತ ವಿಮಾನವನ್ನು ಕೈಯಿಂದ ತೇಲಿಸಿ ನೋಡುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಅದೇನು ಹಗುರ ಬಾಲ್ಸಾ ಮರದ ಗ್ಲೈಡರ್ ಅಂದ್ಕೊಂಡ್ಯಾ? ಆರುನೂರು ಗ್ರಾಂ ಮೇಲಿದೆ, ಎಸೆದರೆ ಮೂತಿ ಮುರ್ಕೊಳುತ್ತೆ ಅಷ್ಟೇ. ಫುಲ್ ಥ್ರಾಟಲ್ ಕೊಟ್ಟು ಎಸಿ, ಮೇಲೆ ಹೋದಮೇಲೆ ಟ್ರಿಮ್ ಮಾಡ್ಕೋ." ಎಲ್ಲರದ್ದೂ ಇದೇ ಮಾತು. (ಥ್ರಾಟಲ್ ಅಂದರೆ ಮೋಟಾರ್‌ನ ವೇಗ, ಟ್ರಿಮ್ ಅಂದರೆ ನೆಟ್ಟಗೆ ಹಾರಲು ರೇಡಿಯೋದಲ್ಲೇ ಮಾಡುವ ಸಣ್ಣ ತಿದ್ದುಪಡಿ.) ಆ ಮಾತು ಕೇಳಿ ಎಸೆದ ವಿಮಾನಗಳ ಮುರಿದ ಮೂತಿಗಳು ನನ್ನ ಹತ್ತಿರ ಒಂದು ರಟ್ಟಿನ ಡಬ್ಬಿ ತುಂಬ ಇವೆ. ಈಗಿನ ವಿಮಾನವನ್ನು ಮಾತ್ರ ನನ್ನ ಹಟದಂತೆಯೇ ಮಾಡಿದೆ. ಮೋಟಾರ್ ಹಾಕಿ ಬಿಟ್ಟ ಮೊದಲ ಸಲವೇ ನೆಟ್ಟಗೆ ಹೋಯಿತು. ಎಲಿವೇಟರ್‌ಗೆ (ಮೂತಿ ಏರಿಸಿ ಇಳಿಸುವ, ಬಾಲದ ಹಲಗೆ) ಎರಡೋ ಮೂರೋ ಕ್ಲಿಕ್ ಟ್ರಿಮ್, ಐಲರಾನ್‌ಗೆ (ಎಡಬಲ ವಾಲಿಸುವ, ರೆಕ್ಕೆಯ ಹಲಗೆ) ಏನೂ ಇಲ್ಲ. ನಕ್ಕವರಲ್ಲಿ ಒಂದಿಬ್ಬರು ಈಗ ಇದೇ ದಾರಿ ಹಿಡಿದಿದ್ದಾರೆ, ಅವರು ಯಾರು ಅಂತ ಹೇಳಲ್ಲ.

ಮೋಟಾರ್ ಜೊತೆಗೇ ಶುರು ಮಾಡಿದರೆ ತೊಂದರೆ ಏನು ಅಂದರೆ, ಎಲ್ಲವೂ ಒಟ್ಟಿಗೆ ಮೇಲೆ ಬೀಳುತ್ತದೆ. ಪ್ರೊಪೆಲ್ಲರ್ ತಿರುಗುವುದರ ಎದುರುಬಲ (ಟಾರ್ಕ್) ಎಡಕ್ಕೆ ವಾಲಿಸುತ್ತದೆ, ಸಿಜಿ (ವಿಮಾನದ ತೂಕ ಸಮತೂಗುವ ಬಿಂದು) ಹಿಂದಿದ್ದರೆ ಮೂತಿ ಏಳುತ್ತದೆ, ರೆಕ್ಕೆ ತಿರುಚಿದ್ದರೆ ಅದು ತನ್ನ ಪಾಡಿಗೆ ಇನ್ನೊಂದು ಕಡೆ ಎಳೆಯುತ್ತದೆ. ಕೈ ಬಿಟ್ಟ ಎರಡು ಸೆಕೆಂಡ್‌ನಲ್ಲಿ ಇದರಲ್ಲಿ ಯಾವುದು ಕಾರಣ ಅಂತ ಯಾವ ಗಂಡಸೂ ಹೇಳಲಾರ. ಹೆಂಗಸೂ ಹೇಳಲಾರಳು. ವಿಮಾನ ನೆಲಕ್ಕೆ ಬಿದ್ದಮೇಲೆ ಎಲ್ಲರೂ ಹೇಳುತ್ತಾರೆ, ಒಬ್ಬೊಬ್ಬರೂ ಒಂದೊಂದು.

ನನ್ನ ವಿಮಾನದ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ರೆಕ್ಕೆ 1.2 ಮೀಟರ್ ಉದ್ದ, 22 ಸೆಂ.ಮೀ ಅಗಲ, 6 ಮಿ.ಮೀ ಡೆಪ್ರಾನ್ ಫೋಮ್, ಒಳಗೆ ಕಾರ್ಬನ್ ಪೈಪ್. 2212 ಅಳತೆಯ ಮೋಟಾರ್, 1000 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ ಸಾವಿರ ಸುತ್ತು). 30 ಆಂಪ್ ಇಎಸ್‌ಸಿ (ಮೋಟಾರ್‌ನ ವೇಗ ನಿಯಂತ್ರಿಸುವ ಸರ್ಕ್ಯೂಟ್), 9 ಗ್ರಾಂ ಸರ್ವೋ (ಹಲಗೆಗಳನ್ನು ಅಲುಗಿಸುವ ಪುಟ್ಟ ಮೋಟಾರ್) ನಾಲ್ಕು, 9 ಇಂಚಿನ ಪ್ರೊಪೆಲ್ಲರ್. ಬ್ಯಾಟರಿ 3ಎಸ್ 1300, ಅಂದರೆ ಮೂರು ಸೆಲ್, 1300 ಎಂಎಎಚ್. ಎಲ್ಲ ಸೇರಿ 650 ಗ್ರಾಂ ಆಸುಪಾಸು. ಅಂದರೆ ಚದರ ಡೆಸಿಮೀಟರ್‌ಗೆ 25 ಗ್ರಾಂ. ಈ 25 ಅನ್ನುವುದೇ ಮುಖ್ಯ. ಇಷ್ಟು ಹಗುರ ಇದ್ದರೆ ಗಂಟೆಗೆ 23–25 ಕಿ.ಮೀ ವೇಗದಲ್ಲೂ ರೆಕ್ಕೆ ಹೊತ್ತುಕೊಳ್ಳುತ್ತದೆ. ಎದುರುಗಾಳಿ ಸ್ವಲ್ಪ ಇದ್ದು, ನೀವು ನಾಲ್ಕು ಹೆಜ್ಜೆ ಓಡಿದರೆ ಆ ವೇಗ ಕೈಯಲ್ಲೇ ಬರುತ್ತದೆ. ಇದೇ ರೆಕ್ಕೆಗೆ 2200 ಬ್ಯಾಟರಿ, ದಪ್ಪ ಲ್ಯಾಂಡಿಂಗ್ ಗೇರ್, ಬಣ್ಣ ಅಂತೆಲ್ಲ ಸೇರಿಸಿ 900 ಗ್ರಾಂ ಮಾಡಿದರೆ ನಕ್ಕವರು ಹೇಳಿದ್ದೇ ನಿಜವಾಗುತ್ತದೆ. ಹಾಗಾಗಿ ಈ ವಿಧಾನ ಎಸೆಯುವ ದಿನ ಶುರುವಾಗುವುದಲ್ಲ, ಅಂಟು ಹಾಕುವ ದಿನವೇ ಶುರು.

ಅಂಟಿನ ಮಾತು ಬಂತು. ತೂಕ ಜಾಸ್ತಿ ಆಗುವುದು ಬರೀ ಬ್ಯಾಟರಿಯಿಂದ ಅಲ್ಲ, ಹಾಟ್ ಗ್ಲೂನಿಂದಲೂ. ಹಿಂದಿನ ಒಂದು ವಿಮಾನ ಬಿದ್ದಮೇಲೆ ಅದರಿಂದ ಕಿತ್ತ ಗ್ಲೂ ಎಲ್ಲ ತಕ್ಕಡಿಗೆ ಹಾಕಿದೆ. ಮೋಟಾರ್‌ಗಿಂತ ಜಾಸ್ತಿ ತೂಗಿತು! ಅದರಲ್ಲಿ ಬಹುಪಾಲು ಬಾಲದ ಹತ್ತಿರ. ಬಾಲಕ್ಕೆ ಒಂದು ಗ್ರಾಂ ಸೇರಿದರೆ ಮೂತಿಗೆ ಎರಡು ಮೂರು ಗ್ರಾಂ ಹಾಕಿ ಸರಿದೂಗಿಸಬೇಕು, ಅಲ್ವಾ? ಈಗ ಹಾಟ್ ಗ್ಲೂ ಮೋಟಾರ್ ಮೌಂಟ್‌ಗೆ ಮಾತ್ರ. ಉಳಿದ ಕಡೆ ಫೋಮ್‌ಗೆ ಆಗುವ ಕಾಂಟ್ಯಾಕ್ಟ್ ಅಂಟು, ತೆಳ್ಳಗೆ. ಮಾಮೂಲಿ ಸೂಪರ್ ಗ್ಲೂ ಡೆಪ್ರಾನ್ ಕರಗಿಸುತ್ತದೆ, ಸ್ಪ್ರೇ ಪೇಂಟ್ ಕೂಡ. ಬಣ್ಣದ ಆಸೆಯನ್ನು ನಾನು ಬಿಟ್ಟೇಬಿಟ್ಟೆ. ಎಡ ರೆಕ್ಕೆಯ ಕೆಳಗೆ ಅಗಲವಾದ ಕಪ್ಪು ಟೇಪ್ ಒಂದು ಪಟ್ಟಿ, ಅಷ್ಟೇ. ದೂರದಲ್ಲಿ ವಿಮಾನ ಬರುತ್ತಿದೆಯೋ ಹೋಗುತ್ತಿದೆಯೋ ಗೊತ್ತಾಗಲು ಅದು ಸಾಕು. ಎರಡು ರೆಕ್ಕೆ ನಡುವೆ ಹೇಗೆ ಕೂಡಿಸಿದೆ ಅಂತ ಕೇಳಬೇಡಿ, ಅದೊಂದು ನನ್ನ ಹತ್ತಿರವೇ ಇರಲಿ. ಇಷ್ಟು ದಿನ ಹಾರಿಸಿದರೂ ಆ ಜೋಡಣೆ ಬಿಟ್ಟಿಲ್ಲ.

ಈಗ ತೇಲಿಸುವ ವಿಷಯ. ಮೊಣಕಾಲೆತ್ತರ ಹುಲ್ಲು ಬೆಳೆದ ಜಾಗ ಬೇಕು. ಗಾಳಿ ಇರಬೇಕು, ಆದರೆ ಮುಖಕ್ಕೆ ತಿಳಿಯುವಷ್ಟು ಮಾತ್ರ. ಪ್ರೊಪೆಲ್ಲರ್ ತೆಗೆದಿಡಿ. ತೆಗೆದರೆ ಮೂತಿಯ ತೂಕ ಕಡಿಮೆಯಾಗುತ್ತದೆ, ಇದನ್ನು ಯಾರೂ ಯೋಚಿಸುವುದೇ ಇಲ್ಲ. ಹತ್ತು ಹನ್ನೆರಡು ಗ್ರಾಂ ಅಂತ ಸುಮ್ನೆ ಬಿಡಬೇಡಿ, ಅದು ಇರುವುದು ತುತ್ತತುದಿಯಲ್ಲಿ. ನಾನು ಅಷ್ಟೇ ತೂಕದ ನಟ್ಟುಗಳನ್ನು ಹುಡುಕಿ ಶಾಫ್ಟ್‌ಗೆ ಟೇಪ್ ಸುತ್ತಿ ಕೂರಿಸಿದೆ. ಬ್ಯಾಟರಿ, ರಿಸೀವರ್ ಎಲ್ಲ ಅವುಗಳ ಜಾಗದಲ್ಲೇ. ರೇಡಿಯೋ ಆನ್ ಇರಬೇಕು, ಯಾಕೆಂದರೆ ಸರ್ವೋ ಹಿಡಿದುಕೊಂಡಿರದಿದ್ದರೆ ಎಲಿವೇಟರ್ ಜೋತುಬೀಳುತ್ತದೆ. ಮೋಟಾರ್ ಓಡದಂತೆ ಥ್ರಾಟಲ್ ಕಟ್ ಸ್ವಿಚ್ ಒತ್ತಿ, ಟ್ರಾನ್ಸ್‌ಮಿಟರ್ ಗೆಳೆಯನ ಕೈಗೆ ಕೊಟ್ಟೆ. ಸ್ಟಿಕ್ ಮುಟ್ಟಬೇಡ ಅಂತ ಹೇಳಿದೆ. ಅವನು ಮುಟ್ಟಿದ. ಆ ಎಸೆತ ಲೆಕ್ಕಕ್ಕಿಲ್ಲ.

ಎಸೆಯುವುದು ಅಂದೆ, ನಿಜಕ್ಕೂ ಎಸೆಯಬಾರದು. ಈಟಿ ತಳ್ಳುವ ಹಾಗೆ, ರೆಕ್ಕೆ ಸಮವಾಗಿ ಇಟ್ಟು, ಹದಿನೈದು ಇಪ್ಪತ್ತು ಮೀಟರ್ ದೂರದ ಹುಲ್ಲನ್ನು ಗುರಿಯಿಟ್ಟು ಓಡುತ್ತಾ ಮುಂದಕ್ಕೆ ತಳ್ಳಿ ಕೈ ಬಿಡಬೇಕು. ಮೇಲಕ್ಕೆ ತಳ್ಳಿದರೆ ಕೆಟ್ಟಿತು. ಹೆಗಲೆತ್ತರದಿಂದ ಬಿಟ್ಟರೆ ಹತ್ತು ಹನ್ನೆರಡು ಮೀಟರ್ ಹೋಗಿ ಹುಲ್ಲಿನ ಮೇಲೆ ಹೊಟ್ಟೆಯೂರಿ ಕೂರಬೇಕು. ಅಲ್ಲಿಗೆ ಮುಟ್ಟುವ ತನಕ ಏನೇನು ಹೇಳುತ್ತದೆ ನೋಡಿ. ಬಿಟ್ಟ ಕೂಡಲೇ ಮೂತಿ ಕೆಳಗಿಟ್ಟರೆ ಮುಂದೆ ಭಾರ. ಮೂತಿ ಎತ್ತಿ, ಗಾಳಿಯಲ್ಲಿ ಒಂದು ಕ್ಷಣ ನಿಂತು, ಧಪ್ಪನೆ ಬಿದ್ದರೆ ಹಿಂದೆ ಭಾರ, ಇಲ್ಲವೇ ನೀವು ಮೇಲಕ್ಕೆ ತಳ್ಳಿದ್ದೀರಿ. ಪ್ರತಿಸಲವೂ ಒಂದೇ ಕಡೆಗೆ ತಿರುಗಿದರೆ ರೆಕ್ಕೆ ತಿರುಚಿದೆ. ಒಂದು ಸಲ ಅತ್ತ, ಒಂದು ಸಲ ಇತ್ತ ಹೋದರೆ ತಪ್ಪು ನಿಮ್ಮ ಕೈದು, ವಿಮಾನದ್ದಲ್ಲ.

ಸರಿಪಡಿಸುವಾಗ ಕ್ರಮ ಬಿಡಬೇಡಿ. ಮೊದಲು ಸಿಜಿ, ಆಮೇಲೆ ತಿರುಚು, ಕೊನೆಗೆ ಟ್ರಿಮ್. ಜನ ಟ್ರಿಮ್‌ನಿಂದ ಶುರು ಮಾಡುತ್ತಾರೆ, ಆಗ ಎಲಿವೇಟರ್ ಮೇಲೆದ್ದೇ ನಿಂತಿರುತ್ತದೆ, ಥ್ರಾಟಲ್ ಕೊಟ್ಟ ಕೂಡಲೇ ವಿಮಾನ ಆಕಾಶ ನೋಡುತ್ತದೆ. ನನ್ನದರಲ್ಲಿ ಮುಂದಿನ ಅಂಚಿನಿಂದ 6 ಸೆಂ.ಮೀ ಹತ್ತಿರ ಸಿಜಿ ಕೂತಿತು. ಪ್ಲ್ಯಾನ್‌ನಲ್ಲಿ 7 ಇತ್ತು, ನಾನು ನಂಬಲಿಲ್ಲ. ಬ್ಯಾಟರಿಯನ್ನು ವೆಲ್ಕ್ರೋ ಮೇಲೆ ಬೆರಳಗಲ ಅಷ್ಟಷ್ಟೇ ಸರಿಸುತ್ತಾ ಹೋದೆ. ಸರಿಹೋದ ಜಾಗಕ್ಕೆ ಪೆನ್ನಲ್ಲಿ ಗೆರೆ ಎಳೆದಿದ್ದೇನೆ. ಬಲ ರೆಕ್ಕೆಯಲ್ಲಿ ಒಂದಿಷ್ಟು ತಿರುಚು ಇತ್ತು. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಅದರ ಹಿಂಬದಿ ಅಂಚು ಎಡದ್ದಕ್ಕಿಂತ ಎರಡು ಮಿ.ಮೀ ಕೆಳಗಿತ್ತು. ಅದಕ್ಕೇ ಎಡಕ್ಕೆ ತಿರುಗುತ್ತಿತ್ತು. ಕೂದಲು ಒಣಗಿಸುವ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ, ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಎದುರು ದಿಕ್ಕಿಗೆ ತಿರುಚಿ, ಆರುವ ತನಕ ಹಿಡಿದುಕೊಂಡೆ. ತುಂಬ ಹತ್ತಿರ ಹಿಡಿದರೆ ಡೆಪ್ರಾನ್ ಸುಕ್ಕುಗಟ್ಟುತ್ತದೆ, ಹುಷಾರು.

ನಡುವೆ ರೆಕ್ಕೆಯ ಆಕಾರದ ಜೊತೆ ಸ್ವಲ್ಪ ಆಟ ಆಡಿದೆ. ಮೊದಲು ಬರೀ ಚಪ್ಪಟೆ ಹಾಳೆ. ನಿಧಾನ ಮಾಡಿದರೆ ಯಾವ ಸೂಚನೆಯೂ ಇಲ್ಲದೆ ಒಂದು ರೆಕ್ಕೆ ಬೀಳಿಸುತ್ತಿತ್ತು. ಆಮೇಲೆ ಕ್ಲೈನ್-ಫೋಗಲ್‌ಮನ್ ಮೆಟ್ಟಿಲು ರೆಕ್ಕೆ ಮಾಡಿದೆ. ಕಾಗದದ ವಿಮಾನಕ್ಕೆ ಅಂತ ಹುಟ್ಟಿದ್ದು ಅದು, ಈಗ ಫೋಮ್ ವಿಮಾನ ಮಾಡುವವರಲ್ಲಿ ಹಲವರು ಬಳಸುತ್ತಾರೆ. ರೆಕ್ಕೆಯ ಮೇಲೆ, ಮುಂದಿನ ಅರ್ಧಕ್ಕೆ ಇನ್ನೊಂದು ಹಾಳೆ ಅಂಟಿಸಿದರೆ ಆಯಿತು. ಈಗ ಸ್ಟಾಲ್ ಆದರೆ, ಅಂದರೆ ತೀರಾ ನಿಧಾನವಾಗಿ ರೆಕ್ಕೆ ಹೊರುವುದನ್ನು ಬಿಟ್ಟರೆ, ವಿಮಾನ ಮೂತಿಯನ್ನು ಸ್ವಲ್ಪ ತೂಗಿ ಮೆಲ್ಲಗೆ ಇಳಿಯುತ್ತದೆ, ರೆಕ್ಕೆ ಬೀಳಿಸುವುದಿಲ್ಲ. ಕೆಳಗೂ ಒಂದು ಮೆಟ್ಟಿಲು ಇಟ್ಟು ನೋಡಿದೆ. ಗಟ್ಟಿಯಾಯಿತು ನಿಜ, ಆದರೆ ಮೂವತ್ತು ಗ್ರಾಂ ಏರಿತು, ತೇಲುವ ದೂರ ಇಳಿಯಿತು. ಕಿತ್ತುಹಾಕಿದೆ. ಕಿತ್ತಾಗ ಅರ್ಧ ರೆಕ್ಕೆಯೂ ಜೊತೆಗೇ ಬಂತು, ಆ ಹಾಳೆಗಳ ದುಡ್ಡು ನೀರುಪಾಲು.

ದುಡ್ಡಿನ ಮಾತು ಇನ್ನೂ ಇದೆ. ಇಷ್ಟು ಕಾಲ ಮುರಿದ ಪ್ರೊಪೆಲ್ಲರ್‌ಗಳ ದುಡ್ಡು ಕೂಡಿಟ್ಟಿದ್ದರೆ ಒಂದು ಒಳ್ಳೆಯ ರೆಡಿಮೇಡ್ ವಿಮಾನ ಬರುತ್ತಿತ್ತು. ಆದರೆ ಫೋಮ್, ಪ್ರೊಪೆಲ್ಲರ್ ಹೋದರೆ ಹೋಗಲಿ, ಅವು ಖರ್ಚಾಗಲೆಂದೇ ಇರುವುದು. ಒಳಗಿನ ಸಾಮಾನು ಉಳಿಯಬೇಕು. ನನ್ನ ಮೋಟಾರ್ ನಾಲ್ಕೈದು ಮೈ ಬದಲಿಸಿದೆ. ಉಳಿತಾಯ ಮಾಡಬಾರದ ಜಾಗ ಇಎಸ್‌ಸಿ. ಅಗ್ಗದ ಒಂದರಲ್ಲಿ ಲೀನಿಯರ್ ಬಿಇಸಿ (ರಿಸೀವರ್, ಸರ್ವೋಗಳಿಗೆ ಕರೆಂಟ್ ಕೊಡುವ ಭಾಗ) ಇತ್ತು. 12 ವೋಲ್ಟ್ ಅನ್ನು 5ಕ್ಕೆ ಇಳಿಸಿ ಉಳಿದದ್ದನ್ನೆಲ್ಲ ಬಿಸಿ ಮಾಡಿ ಹೊರಗೆ ಹಾಕುತ್ತದೆ ಅದು. ಒಂದು ಸರ್ವೋದ ಗೇರ್ ಸಿಕ್ಕಿಹಾಕಿಕೊಂಡು ಕರೆಂಟ್ ಎಳೆಯತೊಡಗಿದಾಗ ವೋಲ್ಟೇಜ್ ಕುಸಿದು, ರಿಸೀವರ್ ಆಫ್ ಆಗಿ ಮತ್ತೆ ಆನ್ ಆಯಿತು. ನಡುವೆ ಬರೀ ಎರಡು ಮೂರು ಸೆಕೆಂಡ್. ಅಷ್ಟು ಸಾಕಿತ್ತು. ಅಂದಿನಿಂದ ಪ್ರತಿ ಹೊಸ ಜೋಡಣೆಗೂ ಮನೆಯಲ್ಲೇ ಒಂದು ಪರೀಕ್ಷೆ: ಪ್ರೊಪೆಲ್ಲರ್ ಇಲ್ಲದೆ ಎರಡೂ ಸ್ಟಿಕ್ ಒಂದು ನಿಮಿಷ ಬಿಡದೆ ಗರಗರ ತಿರುಗಿಸಿ, ಇಎಸ್‌ಸಿ ಮೇಲೆ ಬೆರಳಿಡುವುದು. ಬೆರಳು ಇಡಲಾಗದಷ್ಟು ಬಿಸಿಯಾದರೆ ಬೇರೆ ಬಿಇಸಿ ಹಾಕುತ್ತೇನೆ. ಜೊತೆಗೇ ಫೇಲ್‌ಸೇಫ್ (ಸಿಗ್ನಲ್ ಹೋದರೆ ಮೋಟಾರ್ ನಿಲ್ಲಿಸುವ ಏರ್ಪಾಡು) ಕೂಡ ನೋಡಿಬಿಡಿ. ಥ್ರಾಟಲ್ ಸ್ವಲ್ಪ ಕೊಟ್ಟು ಟ್ರಾನ್ಸ್‌ಮಿಟರ್ ಆಫ್ ಮಾಡಿ, ಮೋಟಾರ್ ನಿಲ್ಲಬೇಕು. ನಿಲ್ಲದಿದ್ದರೆ ಆ ವಿಮಾನ ಹೊರಗೆ ತರಬೇಡಿ, ದಯವಿಟ್ಟು. ರಿಸೀವರ್ ಆಂಟೆನಾ ಎರಡಿದ್ದರೆ ಒಂದಕ್ಕೊಂದು ಅಡ್ಡವಾಗಿ, ಕಾರ್ಬನ್ ಪೈಪ್‌ನಿಂದ ದೂರ ಇಡಿ.

ತೇಲಿಸಿ ಸಮಾಧಾನವಾದಮೇಲೆ ಪ್ರೊಪೆಲ್ಲರ್ ಹಾಕಿದೆ, ಬರಹ ಇರುವ ಮುಖ ಮುಂದಕ್ಕೆ. ಮೋಟಾರ್‌ನ ಸ್ಕ್ರೂ ಕೆಳಗೆ ವಾಷರ್ ಇಟ್ಟು ಎರಡು ಡಿಗ್ರಿ ಬಲಕ್ಕೆ, ಮೂರು ಡಿಗ್ರಿ ಕೆಳಕ್ಕೆ ವಾಲಿಸಿದ್ದೆ. ಎಸೆಯುವ ಮುಂಚೆ ಹಿಂದೆ ನಿಂತು ಕೊನೆಯ ಸಲ ನೋಡಿದೆ: ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ಐಲರಾನ್ ಮೇಲೇಳಬೇಕು. ಉಲ್ಟಾ ಐಲರಾನ್‌ನಿಂದ ಹೋದ ವಿಮಾನಗಳನ್ನು ನಾವೆಲ್ಲ ನೋಡಿದವರೇ. ನೋಡುವವರನ್ನೆಲ್ಲ ನನ್ನ ಬೆನ್ನ ಹಿಂದೆ ನಿಲ್ಲಿಸಿದೆ, ಯಾರೂ ಮುಂದೆ ಬರಬಾರದು ಅಂತ ಸ್ವಲ್ಪ ಜೋರಾಗಿಯೇ ಹೇಳಿದೆ. ಮುಕ್ಕಾಲು ಥ್ರಾಟಲ್ ಕೊಟ್ಟು, ತೇಲಿಸುವಾಗ ತಳ್ಳಿದಂತೆಯೇ ಸಮವಾಗಿ ತಳ್ಳಿದೆ. ಕೈಗೆ ಆ ಚಲನೆ ಆಗಲೇ ರೂಢಿಯಾಗಿತ್ತು, ಇದೊಂದು ಲಾಭ ನಾನು ಮೊದಲು ಯೋಚಿಸಿರಲೇ ಇಲ್ಲ. ವಿಮಾನ ಒಂದು ಚೂರೂ ಇಳಿಯದೆ ಹೊರಟುಹೋಯಿತು. ಹಿಂದೆ ಯಾರದ್ದೋ "ಓಹ್" ಕೇಳಿಸಿತು.

ಎತ್ತರಕ್ಕೆ ಹೋದಮೇಲೆ ಸಿಜಿಯನ್ನು ಇನ್ನೊಮ್ಮೆ ಪರೀಕ್ಷಿಸಿದೆ. ಥ್ರಾಟಲ್ ಪೂರ್ತಿ ಇಳಿಸಿ, 45 ಡಿಗ್ರಿಯಲ್ಲಿ ಕೆಳಗೆ ಬಿಟ್ಟು, ಸ್ಟಿಕ್‌ನಿಂದ ಬೆರಳು ತೆಗೆಯುವುದು. ತಾನಾಗಿ ರಪ್ಪನೆ ಮೇಲೆದ್ದರೆ ಮುಂದೆ ಭಾರ, ಇನ್ನೂ ಕಡಿದಾಗಿ ಇಳಿದರೆ ಹಿಂದೆ ಭಾರ. ನನ್ನದು ನಿಧಾನವಾಗಿ ಅಗಲವಾಗಿ ಮೇಲೆದ್ದಿತು. ಪೆನ್ನಿನ ಗೆರೆಯಿಂದ ಬ್ಯಾಟರಿಯನ್ನು ಆಮೇಲೆ ಕದಲಿಸಿಲ್ಲ. ಎಕ್ಸ್‌ಪೋ (ಸ್ಟಿಕ್ ನಡುವೆ ಇದ್ದಾಗ ಪ್ರತಿಕ್ರಿಯೆ ಮೆತ್ತಗಾಗಿಸುವ ಸೆಟ್ಟಿಂಗ್) 30 ಇಟ್ಟಿದ್ದೇನೆ, ಹೊಸಬರಿಗೆ ಕೊಡುವಾಗ ಹಲಗೆಗಳು ಕಡಿಮೆ ಅಲುಗುವಂತೆ ರೇಟ್ ಇಳಿಸುತ್ತೇನೆ. ವಿಮಾನ ಎದುರಿಗೆ ಬರುವಾಗ ಎಡ ಬಲ ಗೊಂದಲ ಆಗುವವರು ಕೆಳಗೆ ವಾಲಿದ ರೆಕ್ಕೆಯ ಕಡೆಗೇ ಸ್ಟಿಕ್ ತಳ್ಳಿ, ಸಮವಾಗುತ್ತದೆ.

ಟೈಮರ್ ಏಳು ನಿಮಿಷಕ್ಕೆ ಇದೆ. ಇಳಿಸಿದಮೇಲೆ ಸೆಲ್‌ಗೆ 3.75 ವೋಲ್ಟ್ ಹತ್ತಿರ ಉಳಿದಿರುತ್ತದೆ. ಇನ್ನೂ ಮೂರು ನಿಮಿಷ ಹಾರುತ್ತದೆ ಅಂತ ಎಳೆಯುವವರ ಬ್ಯಾಟರಿಗಳು ಊದಿಕೊಳ್ಳುವುದನ್ನು ನೋಡುತ್ತಲೇ ಇದ್ದೇನೆ. ಚಾರ್ಜ್ 1.3 ಆಂಪ್‌ನಲ್ಲೇ, ಸೆಲ್‌ಗಳನ್ನೆಲ್ಲ ಸಮ ಮಾಡಿ (ಬ್ಯಾಲೆನ್ಸ್), ಎದುರಿಗೆ ಕೂತು. ವಾರಗಟ್ಟಲೆ ಹಾರಿಸದಿದ್ದರೆ ಸೆಲ್‌ಗೆ 3.8 ವೋಲ್ಟ್‌ಗೆ ತಂದು ಇಡುತ್ತೇನೆ.

ಮೂತಿಯಲ್ಲಿ ಇನ್ನೊಂದು ಉಪಾಯ ಮಾಡಿದ್ದೇನೆ. ನೆಲಕ್ಕೆ ಗುದ್ದಿದರೂ ಮೋಟಾರ್ ಮಾತ್ರ ಕಳಚಿಕೊಳ್ಳುತ್ತದೆ, ಫೋಮ್ ಮುರಿಯುವುದಿಲ್ಲ. ಟೂತ್‌ಪಿಕ್ ಬೇಕು ಅಂತಷ್ಟೇ ಹೇಳುತ್ತೇನೆ, ಉಳಿದದ್ದು ನೀವೇ ತಲೆ ಓಡಿಸಿ.

ಈಗ ಇದೇ ವಿಧಾನವನ್ನು ಬಾಲವಿಲ್ಲದ ಫ್ಲೈಯಿಂಗ್ ವಿಂಗ್ ಮೇಲೆ ನೋಡುತ್ತಿದ್ದೇನೆ. ಅದು ಅಷ್ಟು ಸಲೀಸಿಲ್ಲ. ಸಿಜಿ ಐದು ಮಿ.ಮೀ ಆಚೀಚೆ ಆದರೂ ಕುಣಿಯುತ್ತದೆ, ಎಲಿವಾನ್‌ಗಳನ್ನು (ಎಲಿವೇಟರ್, ಐಲರಾನ್ ಎರಡರ ಕೆಲಸವನ್ನೂ ಮಾಡುವ ಹಲಗೆಗಳು) ಮೊದಲೇ ಒಂದೆರಡು ಮಿ.ಮೀ ಮೇಲಕ್ಕೆ ಇಡಬೇಕು. ಹಿಂದೆ ಪ್ರೊಪೆಲ್ಲರ್ ಇರುವುದರಿಂದ ನಟ್ಟುಗಳನ್ನೂ ಹಿಂದೆಯೇ ಕಟ್ಟಬೇಕು. ಸದ್ಯಕ್ಕೆ ಏಳೆಂಟು ಮೀಟರ್ ತೇಲುತ್ತಿದೆ. ಮೋಟಾರ್ ಇನ್ನೂ ಓಡಿಸಿಲ್ಲ, ಹನ್ನೆರಡು ಮೀಟರ್ ಮುಟ್ಟುವ ತನಕ ಓಡಿಸುವುದೂ ಇಲ್ಲ.